ಎಲ್ಲರಿಗೂ ಇಷ್ಟವಾದ ಹುಡುಗಿ ಯಾಕೆ ಹೊರಬಂದಳು?

ಪ್ರಶ್ನೆ: ನಾವು ನೆರೂಲ್‌ನಲ್ಲಿದ್ದೇವೆ, ಮನೆಮಾತು ಕನ್ನಡ. ನನ್ನ ಮಗಳಿಗೆ 17 ವರ್ಷ. ಟಿವಿಯ ಒಂದು ಮರಾಠಿ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಹನ್ನೆರಡು ಜನರಲ್ಲಿ ಒಬ್ಬಳಾಗಿದ್ದಳು. ಎಂಟು ಜನ ಉಳಿದಾಗ ಎಲಿಮಿನೇಟ್ ಆದಳು. ಅದಕ್ಕೆ ಮೊದಲು ಒಂದು ಸಲವೂ ಡೇಂಜರ್ ಝೋನ್‌ಗೆ, ಅಂದರೆ ಕಡಿಮೆ ವೋಟು ಬಿದ್ದವರ ಸಾಲಿಗೆ, ಬಂದಿರಲಿಲ್ಲ. ಒಂದು ವಾರ ಲಾವಣಿ, ಒಂದು ವಾರ ಗಜಲ್, ಒಂದು ವಾರ ಅಭಂಗ, ಎಲ್ಲವನ್ನೂ ಚೆನ್ನಾಗಿ ಹಾಡಿದ್ದಳು. ಕೊನೆಯ ವಾರ ಮೊದಲ ನಂಬರಿನಲ್ಲಿ ಹಾಡಿದಳು. ಜಡ್ಜ್‌ಗಳು ಎದ್ದು ನಿಂತು ಚಪ್ಪಾಳೆ ಹೊಡೆದರು. ಆದರೂ ಅವಳೇ ಹೊರಬಂದಳು, ಬೇಸುರಾಗಿ ಹಾಡಿದ ಹುಡುಗ ಉಳಿದ. ಇದು ಮೋಸ, ನೀವು ಮರಾಠಿಯವರಲ್ಲ ಅಂತ ತೆಗೆದರು ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಒಂದು ತಿಂಗಳಿಂದ ಮಗಳು ಹಾರ್ಮೋನಿಯಂ ಮುಟ್ಟಿಲ್ಲ. ನಿಜವಾದ ಕಾರಣ ಏನಿರಬಹುದು?

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಾರ್ಮೋನಿಯಂ ಮುಟ್ಟಿಲ್ಲ ಅನ್ನೋ ಸಾಲು ಓದಿ ಸಂಕಟವಾಯಿತು. ಡೊಂಬಿವಲಿಯಲ್ಲಿ ಇಪ್ಪತ್ತೈದು ವರ್ಷದಿಂದ ಹಾಡು ಕಲಿಸುತ್ತಿದ್ದೇನೆ. ನನ್ನ ಹತ್ತಿರ ಕಲಿತ ಮೂವರು ಮಕ್ಕಳು ಬೇರೆ ಬೇರೆ ಶೋಗಳಿಗೆ ಹೋದರು, ಮೂವರೂ ಅರ್ಧ ದಾರಿಯಲ್ಲಿ ಹೊರಬಂದರು. ಹಾಗಾಗಿ ನೀವೀಗ ಕೂತಿರುವ ಜಾಗದಲ್ಲಿ ನಾನೂ ಕೂತಿದ್ದೇನೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಆ ರಾತ್ರಿಯ ಹಾಡಿನಲ್ಲಿ ಕಾರಣ ಹುಡುಕಬೇಡಿ. ನಿಮ್ಮ ಮಗಳು ಎಲ್ಲರಿಗೂ ಇಷ್ಟವಾಗಿದ್ದಳು. ಆದರೆ ಸಾಕಷ್ಟು ಮನೆಗಳಲ್ಲಿ ಅವಳು ಮೊದಲ ಆಯ್ಕೆ ಆಗಿರಲಿಲ್ಲ. ವೋಟು ಲೆಕ್ಕ ಹಾಕುವುದು ಮೊದಲ ಆಯ್ಕೆಯನ್ನು ಮಾತ್ರ.

ನಮ್ಮ ಬಿಲ್ಡಿಂಗಿನ ಒಂದು ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಶನಿವಾರ ರಾತ್ರಿ, ಊಟದ ತಟ್ಟೆ ಕೈಯಲ್ಲೇ ಇದೆ, ಟಿವಿಯಲ್ಲಿ ಇಂಥದ್ದೇ ಒಂದು ಸ್ಪರ್ಧೆ ಬರುತ್ತಿದೆ. ಒಬ್ಬ ಹುಡುಗಿ ಗಜಲ್ ಹಾಡಿದಳು. ಮನೆಯವರೆಲ್ಲ ಸುಮ್ಮನಾದರು. ಹಾಡು ಮುಗಿದ ಮೇಲೆ ಅಜ್ಜಿ, "ಏನು ಹಾಡ್ತಾಳೆ ಈ ಹುಡುಗಿ" ಅಂದರು. ಯಾರೂ ಇಲ್ಲ ಅನ್ನಲಿಲ್ಲ. ಆಮೇಲೆ ವೋಟು ಹಾಕುವ ಹೊತ್ತು ಬಂತು. ಅಜ್ಜಿ ಮೊಮ್ಮಗಳ ಕೈಗೆ ಫೋನ್ ಕೊಟ್ಟು, ಎಲ್ಲರಿಗಿಂತ ಚಿಕ್ಕವನಾದ ಒಬ್ಬ ಹುಡುಗನಿಗೆ ಹಾಕಿಸಿದರು. ಮೊಮ್ಮಗಳು ಗಿಟಾರ್ ಹಿಡಿದು ಹಾಡುವವನಿಗೆ ಹಾಕಿದಳು. ಮೊಮ್ಮಗಳ ಅಮ್ಮ, ರಿಕ್ಷಾ ಓಡಿಸುವವರ ಮಗಳು ಅಂತ ಟಿವಿಯಲ್ಲಿ ತೋರಿಸಿದ್ದರಲ್ಲ, ಆ ಹುಡುಗಿಗೆ ಹಾಕಿದರು. ಅಪ್ಪ ತಮ್ಮ ಕಡೆಯ ಊರಿನವನಿಗೆ ಹಾಕಿದರು. ಗಜಲ್ ಹಾಡಿದವಳಿಗೆ ಆ ಮನೆಯಿಂದ ಒಂದೂ ವೋಟು ಬೀಳಲಿಲ್ಲ. ಆ ಮನೆಯಲ್ಲಿ ಯಾರಿಗೂ ಅವಳ ಮೇಲೆ ಬೇಸರವಿರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅವಳು ಎರಡನೆಯವಳೋ ಮೂರನೆಯವಳೋ ಆಗಿದ್ದಳು, ಅಷ್ಟೇ. ಮುಂದಿನ ವಾರ ಅವಳು ಹೊರಬಂದಾಗ ಇದೇ ಅಜ್ಜಿ ಕಣ್ಣೊರೆಸಿಕೊಂಡು, "ಛೇ, ಅನ್ಯಾಯ" ಅಂದರು.

ಈಗ ಅವಳು ಒಂದು ಸಲವೂ ಡೇಂಜರ್ ಝೋನ್‌ಗೆ ಬಂದಿರಲಿಲ್ಲ ಅಂದಿರಲ್ಲ, ಅದಕ್ಕೆ ಬರುತ್ತೇನೆ. ಎಲ್ಲರೂ ಎಡವುವುದು ಇಲ್ಲೇ. ಒಂದು ಲೆಕ್ಕ ಮಾಡಿ ನೋಡೋಣ. ಒಟ್ಟು 100 ವೋಟು ಅಂತ ಇಟ್ಟುಕೊಳ್ಳಿ. ಹನ್ನೆರಡು ಜನ ಇದ್ದಾಗ ಸರಾಸರಿ ಒಬ್ಬರಿಗೆ ಎಂಟು ವೋಟು. ನಿಮ್ಮ ಮಗಳಿಗೆ ಏಳು ಬಿತ್ತು ಅನ್ನಿ. ಕೆಳಗೆ ಮೂರು, ನಾಲ್ಕು, ಐದು ವೋಟಿನವರು ಇರುತ್ತಾರೆ, ಅವಳಿಗೆ ಭಯವಿಲ್ಲ. ಒಬ್ಬೊಬ್ಬರೇ ಹೋಗುತ್ತಾರೆ. ಹೋದವರ ವೋಟು ಗಾಳಿಗೆ ಹೋಗುವುದಿಲ್ಲ. ಕೊಲ್ಹಾಪುರದ ಹುಡುಗ ಹೋದರೆ ಅವನ ಕಡೆಯವರು ಸಾಂಗ್ಲಿಯ ಹುಡುಗನ ಹಿಂದೆ ನಿಲ್ಲುತ್ತಾರೆ. ಲಾವಣಿಯೇ ಹಾಡುತ್ತಿದ್ದ ಹುಡುಗಿ ಹೋದರೆ, ಅವಳನ್ನು ಮೆಚ್ಚಿದವರು ಅದೇ ಜೋಶ್ ಇರುವ ಇನ್ನೊಬ್ಬಳನ್ನು ಹುಡುಕುತ್ತಾರೆ. ಎಂಟು ಜನ ಉಳಿಯುವ ಹೊತ್ತಿಗೆ ಸರಾಸರಿ ಹನ್ನೆರಡೂವರೆ ಆಗಿರುತ್ತದೆ. ನಿಮ್ಮ ಮಗಳ ಹತ್ತಿರ ಆಗಲೂ ಏಳೋ ಎಂಟೋ ಇದ್ದರೆ ಅವಳೇ ಎಲ್ಲರಿಗಿಂತ ಕೆಳಗೆ. ಅವಳ ವೋಟು ಕಡಿಮೆಯಾಗಲಿಲ್ಲ. ಅವಳು ಹಾಡುವುದೂ ಕೆಡಲಿಲ್ಲ. ಬೇರೆಯವರ ಪಾಲು ಬೆಳೆಯಿತು, ಅವಳದ್ದು ಇದ್ದಲ್ಲೇ ನಿಂತಿತು.

ಹೋದವರ ವೋಟು ಅವಳ ಕಡೆ ಯಾಕೆ ಬರಲಿಲ್ಲ? ನಿಮ್ಮ ಪತ್ರದಲ್ಲೇ ಅದಕ್ಕೆ ಸುಳಿವಿದೆ ಅನಿಸುತ್ತದೆ. ಒಂದು ವಾರ ಲಾವಣಿ, ಒಂದು ವಾರ ಗಜಲ್, ಒಂದು ವಾರ ಅಭಂಗ. ಗುರುವಾಗಿ ನನಗೆ ಇದು ಹೆಮ್ಮೆಯ ವಿಷಯ. 17 ವರ್ಷಕ್ಕೆ ಮೂರೂ ಬಾಯಿಗೆ ಹತ್ತುವುದು ಸುಲಭವಲ್ಲ. ಆದರೆ ಟಿವಿ ನೋಡುವವರು ಒಬ್ಬೊಬ್ಬ ಗಾಯಕರನ್ನು ಒಂದೊಂದು ಮಾತಿನಲ್ಲಿ ನೆನಪಿಡುತ್ತಾರೆ. "ಆ ಗಜಲ್ ಹುಡುಗಿ", "ಆ ಕೀರ್ತನದ ಮನೆಯ ಹುಡುಗ" ಅಂತ. ನಿಮ್ಮ ಮಗಳನ್ನು ಏನಂತ ನೆನಪಿಡಬೇಕು ಅಂತ ಅವರಿಗೆ ತಿಳಿಯಲಿಲ್ಲ. ಎಲ್ಲವೂ ಬರುತ್ತದೆ ಅನ್ನುವುದು ರಿಯಾಜಿನಲ್ಲಿ ಬಹಳ ದೊಡ್ಡ ಗುಣ, ವೋಟಿನಲ್ಲಿ ಅದು ಕೈಹಿಡಿಯುವುದು ಕಮ್ಮಿ. ಹಾಗಂತ ಅವಳು ಮಾಡಿದ್ದು ತಪ್ಪು ಅಂತ ದಯವಿಟ್ಟು ಅವಳಿಗೆ ಹೇಳಬೇಡಿ.

ಮೊದಲ ನಂಬರಿನಲ್ಲಿ ಹಾಡಿದ್ದೂ ಕೈಕೊಟ್ಟಿರಬಹುದು. ಬೇರೆ ಬೇರೆ ದೇಶಗಳ ಐಡಲ್ ಕಾರ್ಯಕ್ರಮಗಳನ್ನು ಸೇರಿಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. ಕೊನೆಯ ಕಡೆಗೆ ಹಾಡಿದವರಿಗೆ ಲಾಭ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಪಿಯಾನೋ ಸ್ಪರ್ಧೆಯಲ್ಲಿ ಕೂರುವ ಜಡ್ಜ್‌ಗಳು ಜಗತ್ತಿನ ದೊಡ್ಡ ವಿದ್ವಾಂಸರು. ಅಲ್ಲಿಯೂ ತಡವಾಗಿ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವುದು ಹೆಚ್ಚು ಅಂತ ಲೆಕ್ಕ ಹಾಕಿದವರಿದ್ದಾರೆ. ಅಂಥ ಕಿವಿಗಳೇ ಹಾಗಾದರೆ, ಪಾತ್ರೆ ತೊಳೆಯುತ್ತಾ ಟಿವಿ ಕೇಳುವವರು ಎಂಟೂವರೆಯ ಹಾಡನ್ನು ಹತ್ತು ಗಂಟೆಗೆ ನೆನಪಿಟ್ಟುಕೊಳ್ಳುತ್ತಾರಾ?

ಜಡ್ಜ್‌ಗಳು ಎದ್ದು ನಿಂತದ್ದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಎದ್ದು ನಿಲ್ಲುವುದು ಪ್ರೀತಿಯಿಂದಲೂ ಇರುತ್ತದೆ, ಕಾರ್ಯಕ್ರಮ ಕಳೆಗಟ್ಟಲಿ ಅಂತಲೂ ಇರುತ್ತದೆ. 2021ರಲ್ಲಿ ಇಂಡಿಯನ್ ಐಡಲ್‌ನಲ್ಲಿ ಕಿಶೋರ್ ಕುಮಾರ್ ವಿಶೇಷ ಸಂಚಿಕೆ ಬಂದಾಗ ಅತಿಥಿಯಾಗಿ ಹೋಗಿದ್ದ ಅವರ ಮಗ ಅಮಿತ್ ಕುಮಾರ್, ಎಲ್ಲರನ್ನೂ ಹೊಗಳುವಂತೆ ತಮಗೆ ಹೇಳಿದ್ದರು ಅಂತ ಆಮೇಲೆ ಬಹಿರಂಗವಾಗಿ ಹೇಳಿದರು. ಅದು ದೊಡ್ಡ ಚರ್ಚೆಯಾಯಿತು. ಇನ್ನೊಂದು ಮಾತೂ ಇದೆ. ಜಡ್ಜ್‌ಗಳು ಎದ್ದು ನಿಂತರೆ ಮನೆಯವರು, "ಇವಳಿಗೆ ಇನ್ನು ಚಿಂತೆಯಿಲ್ಲ, ನಮ್ಮ ವೋಟು ಕಷ್ಟದಲ್ಲಿರುವವನಿಗೆ ಇರಲಿ" ಅಂದುಕೊಳ್ಳುತ್ತಾರೆ. ಬೇಸುರಾಗಿ ಹಾಡಿದ ಹುಡುಗ ಉಳಿದದ್ದು ಹೀಗೇ ಇರಬಹುದು. ಹಿಂದಿನ ವಾರ ಅವನು ಡೇಂಜರ್ ಝೋನ್‌ನಲ್ಲಿ ನಿಂತಿದ್ದರೆ, ಅವನ ಊರಿಗೆ ಊರೇ ಎದ್ದು ಫೋನ್ ಹಿಡಿದಿರುತ್ತದೆ.

ಇನ್ನು ನೆಂಟರು ಹೇಳುವ ಮಾತು. ನೀವು ಮರಾಠಿಯವರಲ್ಲ ಅಂತ ತೆಗೆದರಾ? ಯಾರೋ ಕೂತು ಹಾಗೆ ತೆಗೆದರು ಅಂತ ನನಗೆ ಅನಿಸುವುದಿಲ್ಲ. ಆದರೆ ಊರಿನ ಬಲ ಅನ್ನುವುದು ನಿಜವಾಗಿಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 2007ರ ಇಂಡಿಯನ್ ಐಡಲ್ ನೆನಪಿದೆಯಾ? ಕೊನೆಗೆ ಉಳಿದದ್ದು ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಮತ್ತು ಶಿಲ್ಲಾಂಗಿನ ಅಮಿತ್ ಪಾಲ್. ಪ್ರಶಾಂತ್ ಕೋಲ್ಕತ್ತಾ ಪೊಲೀಸ್ ಇಲಾಖೆಯಲ್ಲಿದ್ದವರು. ಅವರಿಗಾಗಿ ಬೆಟ್ಟದ ಊರುಗಳಲ್ಲಿ ಜನ ಹಣ ಕೂಡಿಸಿ ಎಸ್‌ಎಂಎಸ್ ಕಳಿಸಿದರು. ಗೆದ್ದದ್ದು ಪ್ರಶಾಂತ್. ಅದು ಒಂದು ಜನ ತಮ್ಮನ್ನು ತಾವು ಟಿವಿಯಲ್ಲಿ ಕಂಡುಕೊಂಡ ಸಂತೋಷ. ನನಗೆ ಅದರ ಮೇಲೆ ಸಿಟ್ಟಿಲ್ಲ. ನಮ್ಮವರೂ ಅದನ್ನೇ ಮಾಡುತ್ತೇವಲ್ಲ. ಮೂಡುಬಿದಿರೆಯ ನಿಹಾಲ್ ತಾವ್ರೊ ಇಂಡಿಯನ್ ಐಡಲ್‌ಗೆ ಹೋದಾಗ ಮುಂಬಯಿಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ವೋಟು ಹಾಕಿ ಅನ್ನೋ ಸಂದೇಶ ಎಷ್ಟು ಓಡಾಡಿತು! ಅವರು ಫೈನಲ್‌ವರೆಗೂ ಹೋದರು. ಅವರ ಹಿಂದೆ ಒಂದು ಇಡೀ ಕರಾವಳಿ ಇತ್ತು.

ಮುಂಬಯಿ ಕನ್ನಡದ ಮಗುವಿಗೆ ಇರುವ ತೊಂದರೆ ಇಲ್ಲೇ. ನೆರೂಲ್‌ನ ನಿಮ್ಮ ಮಗಳು ಮರಾಠಿ ಶೋನಲ್ಲಿ ಹಾಡಿದರೆ ಸಾತಾರಾ ಅವಳನ್ನು ನಮ್ಮವಳು ಅನ್ನುವುದಿಲ್ಲ, ನಾಶಿಕ್ ಅನ್ನುವುದಿಲ್ಲ. ಬೆಂಗಳೂರು, ಹುಬ್ಬಳ್ಳಿಯವರು ಆ ಚಾನೆಲ್ ನೋಡುವುದೇ ಇಲ್ಲ. ಉಳಿದವರು ನಾವು, ವಸಾಯಿಯಿಂದ ಪನ್ವೇಲ್‌ವರೆಗೆ ಚೆಲ್ಲಿಹೋದವರು. ನಮ್ಮಲ್ಲೂ ಅರ್ಧ ಜನ ಹೋಟೆಲ್ ಬಾಗಿಲು ಹಾಕಿ ಮನೆಗೆ ಬರುವಷ್ಟರಲ್ಲಿ ವೋಟಿನ ಹೊತ್ತು ಮುಗಿದಿರುತ್ತದೆ. ಯಾವ ಊರಿನ ಬಲವೂ ಇಲ್ಲದೆ ನಿಮ್ಮ ಹುಡುಗಿ ಹನ್ನೆರಡರಿಂದ ಎಂಟರವರೆಗೆ ಬಂದಳು ಅನ್ನುವುದನ್ನು ನೆಂಟರು ಯಾರೂ ಹೇಳಲಿಲ್ಲ ಅಲ್ವಾ? ಅಲ್ಲಿಯವರೆಗೆ ಅವಳನ್ನು ತಂದದ್ದು ಅವಳ ಗಂಟಲು ಮಾತ್ರ.

ಭಾಷೆಯ ಬಗ್ಗೆ ಒಂದು ಸೂಕ್ಷ್ಮ ಮಾತು ಇದೆ, ಅದನ್ನು ಮೋಸ ಅನ್ನಲು ಬರುವುದಿಲ್ಲ. ಮರಾಠಿಯಲ್ಲಿ ಚಕಾರ ಎರಡು ರೀತಿ. 'ಚಾರ್' ಅನ್ನುವಾಗಿನ ಚ ನಮ್ಮದೇ. 'ಪಾಚ್' ಅನ್ನುವಾಗ ನಾಲಿಗೆ ಹಲ್ಲಿನ ಹತ್ತಿರ ಹೋಗಿ 'ತ್ಸ' ಥರ ಕೇಳುತ್ತದೆ. ಮಾತಿನಲ್ಲಿ ನಮ್ಮ ಮಕ್ಕಳು ಇದನ್ನು ಸರಿಯಾಗೇ ಅನ್ನುತ್ತಾರೆ. ಹಾಡುವಾಗ ಸ್ವರದ ಕಡೆ ಗಮನ ಹೋಗಿ ಮನೆಯ ಚ ಬಂದುಬಿಡುತ್ತದೆ. ಕೇಳುವವರಿಗೆ ಏನು ತಪ್ಪು ಅಂತ ಗೊತ್ತಾಗುವುದಿಲ್ಲ, ಆದರೆ ಒಂದು ಕೂದಲೆಳೆಯಷ್ಟು ದೂರ ಅನಿಸುತ್ತದೆ. ಇಲ್ಲಿ ಬೆಳೆದ ಮಕ್ಕಳು ಕನ್ನಡ ಶೋಗೆ ಹೋದರೆ ಇದರ ಉಲ್ಟಾ. ಸಾಹಿತ್ಯವನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ, 'ಮನ' ಅನ್ನುವುದು 'ಮನ್' ಆಗುತ್ತದೆ. ಪದದ ಕೊನೆಯ ಅಕಾರ ನುಂಗಿದರೆ ಕನ್ನಡದ ಕಿವಿಗೆ ತಕ್ಷಣ ಚುಚ್ಚುತ್ತದೆ. ನಿಮ್ಮ ಮಗಳ ಎಪಿಸೋಡು ನಾನು ನೋಡಿಲ್ಲ, ಅವಳಿಗೆ ಹಾಗಾಯಿತು ಅನ್ನುತ್ತಿಲ್ಲ. ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ.

ಹಾಡಿನ ಕಡೆಯಿಂದಲೂ ಒಂದು ಕಾರಣ ಇರಬಹುದು. ಟಿವಿಯಲ್ಲಿ ಒಬ್ಬರ ಪಾಲಿಗೆ ಬರುವುದು ಎರಡು ಮೂರು ನಿಮಿಷ. ಪಲ್ಲವಿ, ಒಂದು ಚರಣ, ಮುಗಿಯಿತು. ನಿಧಾನವಾಗಿ ಅರಳುವ ದನಿಗೆ ಅಲ್ಲಿ ಜಾಗ ಇಲ್ಲ. ಆಮೇಲೆ ಶ್ರುತಿ. ನನ್ನ ಮೂವರಲ್ಲಿ ಒಬ್ಬಳ ಕತೆ ಹೇಳಲೇಬೇಕು. ಅವಳ ಶ್ರುತಿ ಕರಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ. ಮನೆಯಲ್ಲಿ ಆ ಹಾಡನ್ನು ಅದೇ ಶ್ರುತಿಯಲ್ಲಿ ಇನ್ನೂರು ಸಲ ಹಾಡಿದ್ದಳು. ರಿಹರ್ಸಲ್ಲಿನಲ್ಲಿ ಯಾರೋ, "ಸ್ವಲ್ಪ ಪಂಚ್ ಬೇಕು, ಸ್ಕೇಲ್ ಏರಿಸಿ" ಅಂದರು. ಕರಿ ಐದಕ್ಕೆ ಹೋಯಿತು. ಹಾರ್ಮೋನಿಯಂ ಮೇಲೆ ಬರೀ ಎರಡು ಮನೆ. ಬೆಳಿಗ್ಗೆ ಹಾಡಿದರೆ ಎಟುಕುತ್ತಿತ್ತೇನೋ. ಆದರೆ ಬೆಳಿಗ್ಗೆ ಎಂಟಕ್ಕೆ ಕರೆಸಿದವರು ಅವಳ ಸರದಿ ತಂದದ್ದು ರಾತ್ರಿ ಹನ್ನೊಂದಕ್ಕೆ. ಅಷ್ಟು ಹೊತ್ತು ಎಸಿಯ ತಣ್ಣನೆ ಗಾಳಿ, ಮೇಕಪ್, ನಗು, ಚಪ್ಪಾಳೆ. ಅವಳ ಅಮ್ಮ ಥರ್ಮಾಸಿನಲ್ಲಿ ಬಿಸಿನೀರು ಹಿಡಿದು ಹೊರಗೆ ಕೂತಿದ್ದರು, ಒಳಗೆ ಬಿಡಲಿಲ್ಲ. ಚರಣದ ಮೇಲಿನ ಸ್ವರಕ್ಕೆ ಹೋದಾಗ ದನಿ ತೆಳ್ಳಗಾಗಿ ಒಂದು ಕ್ಷಣ ಕತ್ತರಿಸಿತು. ಒಂದೇ ಕ್ಷಣ. ಗೋರೆಗಾಂವ್‌ನಿಂದ ದಾದರ್, ದಾದರಿನಿಂದ ಡೊಂಬಿವಲಿ, ಕೊನೆಯ ಗಾಡಿಗಳಲ್ಲಿ ತಾಯಿ ಮಗಳು ಮಾತಿಲ್ಲದೆ ಬಂದರಂತೆ. ಮರುದಿನ ನನ್ನ ಮುಂದೆ ಕೂತು ಅವಳು ಕೇಳಿದಳು, "ಟೀಚರ್, ಕರಿ ನಾಲ್ಕೇ ಸಾಕು ಅಂತ ನಾನು ಯಾಕೆ ಹೇಳಲಿಲ್ಲ?" ಆ ಪ್ರಶ್ನೆ ನನಗೂ ಇದೆ. ಇಲ್ಲ ಅನ್ನುವುದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಈಗ ಸ್ಪರ್ಧೆಗೆ ಹೋಗುವ ಪ್ರತಿ ಮಗುವಿಗೂ ಮೊದಲು ಅದನ್ನೇ ಕಲಿಸುತ್ತೇನೆ. ನಿಮ್ಮ ಮಗಳಿಗೆ ಕೇಳಿ, ಯಾವ ಶ್ರುತಿಯಲ್ಲಿ ಹಾಡಿಸಿದರು ಅಂತ.

ಮೋಸದ ಬಗ್ಗೆ ಇಷ್ಟೇ ಹೇಳುತ್ತೇನೆ. ಜಡ್ಜ್‌ಗಳ ಅಂಕವನ್ನೂ ವೋಟನ್ನೂ ಸೇರಿಸುತ್ತಾರಾ, ಒಬ್ಬರು ಎಷ್ಟು ವೋಟು ಹಾಕಬಹುದು, ಕೊನೆಯ ಮಾತು ಯಾರದ್ದು, ಇದೆಲ್ಲ ನೀವು ಸಹಿ ಹಾಕಿದ ಕಾಗದದಲ್ಲಿ ಇರುತ್ತದೆ. ಅದನ್ನು ತೆಗೆದು ಓದಿ. ವಾರವಾರದ ವೋಟಿನ ಸಂಖ್ಯೆಯನ್ನು ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ. ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೇಳಿದ್ದರೆ ನಿಮ್ಮಂಥ ಎಷ್ಟು ಮನೆಗಳಲ್ಲಿ ಈ ಅನುಮಾನ ಹುಟ್ಟುತ್ತಲೇ ಇರಲಿಲ್ಲ. ಆದರೆ ನಿಮ್ಮ ಮಗಳು ಹೊರಬಂದದ್ದನ್ನು ಅರ್ಥ ಮಾಡಿಕೊಳ್ಳಲು ಮೋಸದ ಅಗತ್ಯವಿಲ್ಲ. ಮೇಲಿನ ಲೆಕ್ಕವೇ ಸಾಕಾಗುತ್ತದೆ.

ವೋಟು ಬರುವ ಮೊದಲು ಹೀಗಿರಲಿಲ್ಲ. ಝೀ ಟಿವಿಯಲ್ಲಿ 1995ರಲ್ಲಿ ಸರೆಗಮ ಶುರುವಾದಾಗ ಅಂಕ ಕೊಡುತ್ತಿದ್ದವರು ಸಂಗೀತ ಬಲ್ಲವರು. ಕನ್ನಡದಲ್ಲಿ ಎದೆ ತುಂಬಿ ಹಾಡುವೆನು ನಡೆಸುತ್ತಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಪ್ರತಿ ಮಗುವಿಗೂ ಎಲ್ಲಿ ಶ್ರುತಿ ಜಾರಿತು, ಯಾವ ಅಕ್ಷರ ಸರಿಯಾಗಿ ಬೀಳಲಿಲ್ಲ ಅಂತ ಬಿಡಿಸಿ ಹೇಳುತ್ತಿದ್ದರು. ಸೋತ ಮಗು ಕೂಡ ಒಂದು ಪಾಠ ಹಿಡಿದು ಮನೆಗೆ ಹೋಗುತ್ತಿತ್ತು. 2004ರಲ್ಲಿ ಇಂಡಿಯನ್ ಐಡಲ್ ಬಂದ ಮೇಲೆ ಆಟ ನೋಡುವವರ ಫೋನಿಗೆ ಬಂತು. ನಿಮ್ಮ ಮಗಳಿಗೆ ಯಾರಾದರೂ ಅಂಥ ಒಂದು ಕಾರಣ ಹೇಳಿ ಕಳಿಸಿದ್ದರೆ ಇವತ್ತು ಅವಳು ಹಾರ್ಮೋನಿಯಂ ಮುಂದೆ ಕೂತಿರುತ್ತಿದ್ದಳು. ನನಗೆ ಹೆಚ್ಚು ನೋವು ಅದರದ್ದೇ.

ಅವಳ ವಯಸ್ಸಿನವರಿಗೆ ಹೆಸರುಗಳು ಬೇಕಾಗುತ್ತವೆ, ಹೇಳಿ. 2005ರಲ್ಲಿ ಫೇಮ್ ಗುರುಕುಲ್ ಅಂತ ಟಿವಿಯಲ್ಲಿ ಒಂದು ಸ್ಪರ್ಧೆ ನಡೆಯಿತು. ಹದಿಹರೆಯದ ಅರಿಜಿತ್ ಸಿಂಗ್ ಅದರಲ್ಲಿ ಫೈನಲ್‌ಗೆ ಮೊದಲೇ ಹೊರಬಂದರು. ದೇಶಕ್ಕೆಲ್ಲ ಅವರ ದನಿ ಗುರುತಾಗಲು 2013 ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಅವರು ಸಂಗೀತ ನಿರ್ದೇಶಕರ ಹತ್ತಿರ ಸ್ಟುಡಿಯೋದಲ್ಲಿ ಕೂತು ಕೆಲಸ ಕಲಿತರು. ನೇಹಾ ಕಕ್ಕರ್ ಇಂಡಿಯನ್ ಐಡಲ್‌ನ ಎರಡನೇ ಸೀಸನ್ನಿನಲ್ಲಿ ಎಲಿಮಿನೇಟ್ ಆದವರು, ಆಮೇಲೆ ಅದೇ ಶೋನಲ್ಲಿ ಜಡ್ಜ್ ಆಗಿ ಕೂತರು. ನಮ್ಮ ಮೈಸೂರಿನ ವಿಜಯ್ ಪ್ರಕಾಶ್ ಕೂಡ ಮುಂಬಯಿಗೆ ಬಂದು ಹಿಂದಿಯ ಸರೆಗಮದಲ್ಲಿ ಸ್ಪರ್ಧಿಯಾಗಿ ನಿಂತವರು. ಆದರೆ ಈ ಹೆಸರುಗಳನ್ನು ಒಂದೇ ಸಲ ಹೇಳಿ ಬಿಟ್ಟುಬಿಡಿ. ದಿನಾ ಹೇಳಿದರೆ ಅದೂ ಒಂದು ಭಾರ.

ಈಗ ಮಾಡಬೇಕಾದದ್ದು. ಆ ಎಪಿಸೋಡನ್ನು ಮನೆಯಲ್ಲಿ ಮತ್ತೆ ಮತ್ತೆ ಹಾಕಬೇಡಿ. ವಿಡಿಯೋದ ಕೆಳಗೆ ಜನ ಬರೆದದ್ದನ್ನು ಅವಳು ಓದದ ಹಾಗೆ ನೋಡಿಕೊಳ್ಳಿ, ಹೊಗಳಿದ್ದನ್ನೂ ಓದುವುದು ಬೇಡ. ನೆಂಟರಿಗೆ ನೀವೇ ಫೋನ್ ಮಾಡಿ, ಅವಳ ಮುಂದೆ ಮೋಸ ಅನ್ನುವ ಮಾತು ಬೇಡ ಅಂತ ಹೇಳಿ. ಮೋಸ ಅಂತ ನಂಬಿದ ಮಗು, ಚೆನ್ನಾಗಿ ಹಾಡಿ ಏನು ಪ್ರಯೋಜನ ಅಂದುಕೊಳ್ಳುತ್ತದೆ. ಮೇಲೆ ಬರೆದ ನೂರು ವೋಟಿನ ಲೆಕ್ಕವನ್ನು ಒಂದು ಕಾಗದದ ಮೇಲೆ ಅವಳೇ ಮಾಡಲಿ. ನನ್ನ ಹುಡುಗಿಯರಲ್ಲಿ ಒಬ್ಬಳು ಹಾಗೆ ಲೆಕ್ಕ ಹಾಕಿ, ಸ್ವಲ್ಪ ಹೊತ್ತು ಕಾಗದ ನೋಡುತ್ತಾ ಕೂತಳು. ಆಮೇಲೆ, "ಹಾಗಾದ್ರೆ ನಾನು ಕೆಟ್ಟದಾಗಿ ಹಾಡಿರಲಿಲ್ಲ" ಅಂದಳು. ಅದು ಅವಳ ಬಾಯಿಂದಲೇ ಬರಬೇಕಿತ್ತು.

ಪೂರ್ತಿ ಹಾಡು ಹಾಡುವ ಒಂದು ಜಾಗವನ್ನೂ ಹುಡುಕಿಕೊಡಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಇಲ್ಲವೇ ನಿಮ್ಮ ಹತ್ತಿರದ ಯಾವುದೇ ಭಜನೆ ಮಂಡಳಿ. ಗಜಲ್ಲೋ ಅಭಂಗವೋ, ಅವಳಿಗೆ ಯಾವುದು ತನ್ನದು ಅನಿಸುತ್ತದೋ ಅದನ್ನು ಹದಿನೈದು ನಿಮಿಷ, ತನ್ನ ಶ್ರುತಿಯಲ್ಲಿ, ಯಾರೂ ಕತ್ತರಿ ಹಾಕದ ಹಾಗೆ ಹಾಡಲಿ. ಯಾವುದು ತನ್ನದು ಅನ್ನುವುದನ್ನು ಅವಳೇ ಕಂಡುಕೊಳ್ಳಲಿ, ಅವಸರ ಮಾಡಬೇಡಿ.

ಹಾರ್ಮೋನಿಯಂ ಮುಟ್ಟು ಅಂತ ಈಗಲೇ ಒತ್ತಾಯಿಸಬೇಡಿ. ನೆರೂಲ್‌ನಿಂದ ಇಲ್ಲಿಗೆ ಥಾಣೆಯಲ್ಲಿ ಒಂದು ಗಾಡಿ ಬದಲಿಸಿದರೆ ಆಯ್ತು. ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮಲ್ಲಿ ದೊಡ್ಡ ಮಕ್ಕಳು ಷಡ್ಜ ಹಚ್ಚಿ ಕೂರುತ್ತಾರೆ. ಆ ಹೊತ್ತಿಗೆ ಅವಳನ್ನು ಕರೆದುಕೊಂಡು ಬನ್ನಿ. ಹಾಡು ಅಂತ ಯಾರೂ ಕೇಳುವುದಿಲ್ಲ. ಸುಮ್ನೆ ತಂಬೂರಿ ಮೀಟುತ್ತಾ ಕೂರಲಿ, ಆ ಕೆಲಸಕ್ಕೆ ನನಗೆ ಯಾವಾಗಲೂ ಒಬ್ಬರು ಕಮ್ಮಿ ಬೀಳುತ್ತಾರೆ.